ಮಹಾಮುಷ್ಟಿಗೆ ಮಂಗಳ ಹಾಡಿದ್ದು

ನಮ್ಮ ಬಚ್ಚಲುಮನೆಯಲ್ಲಿ, ತಾಮ್ರದ ಹಂಡೆಯ ಬಲಗಡೆಯ ಗೋಡೆಯ ಮೊಳೆಗೆ, ಕೆಂಪು ಬಣ್ಣದ ದಪ್ಪನೆಯ ಕೈಗವಸೊಂದು ತೂಗುತ್ತಿರುತ್ತದೆ. ಹೊಸಬರು ಯಾರಾದರೂ ಸ್ನಾನಕ್ಕೆ ಹೋದರೆ ಸ್ವಲ್ಪ ಹೊತ್ತು ಒಳಗಿನಿಂದ ನೀರಿನ ಸದ್ದು ಕೇಳುವುದಿಲ್ಲ. ಅದು ಅವರು ಅದನ್ನು ನೋಡುತ್ತ ನಿಂತಿರುವ ಹೊತ್ತು. ಕಳೆದ ತಿಂಗಳು ಮಣಿಪಾಲದಿಂದ ಬಂದಿದ್ದ ನಮ್ಮ ದೂರದ ನೆಂಟರೊಬ್ಬರು, ವೃತ್ತಿಯಿಂದ ವೈದ್ಯರು, ಸ್ನಾನ ಮುಗಿಸಿ ಬಂದು ಬಹಳ ಮೃದುವಾಗಿ, “ಭಾವ, ಕೈಗೆ ಎಂತ ಆಗಿತ್ತು?” ಎಂದು ಕೇಳಿದರು. ನನ್ನ ಕೈಗೆ ಏನೂ ಆಗಿಲ್ಲ. ಅದು ಮುಷ್ಟಿಯುದ್ಧದ ಗವಸು. ಕುದಿಯುವ ಹಂಡೆಯ ಮುಚ್ಚಳವನ್ನು ಎತ್ತುವುದಕ್ಕೆ ಅದಕ್ಕಿಂತ ಉತ್ತಮವಾದ ಸಾಧನವನ್ನು ನಾನು ಎಪ್ಪತ್ತಮೂರು ವರ್ಷಗಳಲ್ಲಿ ಕಂಡಿಲ್ಲ.

ಅದು ಬಚ್ಚಲಿನವರೆಗೆ ಪ್ರವೇಶ ಪಡೆದದ್ದೂ ಸುಲಭದಲ್ಲಿ ಅಲ್ಲ. ನನ್ನ ಹೆಂಡತಿ ಕಾಪುವಿನವಳು. ಅವಳ ತಂದೆಯವರು ಮಡಿಯ ವಿಷಯದಲ್ಲಿ ಆ ಊರಿನ ದೀಪಸ್ತಂಭದಷ್ಟೇ ನೇರ, ಅಷ್ಟೇ ಒಂಟಿ. ಮಗಳು ಆ ಬೆಳಕಿನಲ್ಲಿ ಬೆಳೆದವಳು. ಗವಸು ಮನೆಯ ಹೊಸ್ತಿಲಿಗೆ ಬಂದ ದಿನ ಅವಳು ಅದನ್ನು ಅಂಗಳದಲ್ಲೇ ನಿಲ್ಲಿಸಿದಳು. ಇದು ಚರ್ಮವೋ ಅಲ್ಲವೋ ಎಂಬುದು ಪ್ರಶ್ನೆ. ಚೂರಿಯಿಂದ ಅದರ ಒಂದು ಎಳೆಯನ್ನು ಕೆರೆದು, ಕೆಂಡದ ಮೇಲೆ ಹಾಕಿ, ಹೊಗೆಯನ್ನು ಮೂಸಿ ನೋಡಿದಳು. ಬಳಿಕ ತೀರ್ಪು ಕೊಟ್ಟಳು. “ಚರ್ಮ ಅಲ್ಲ, ರೆಕ್ಸಿನ್. ಆದರೆ ಚರ್ಮ ಆಗಬೇಕೂಂತ ಆಸೆ ಉಂಟು ಅದಕ್ಕೆ. ಅಡಿಗೆಕೋಣೆಗೆ ಬೇಡ. ಬಚ್ಚಲಿಗೆ ಆಗಬಹುದು.” ದೊಡ್ಡ ದೊಡ್ಡ ವಿದ್ವತ್ಸಭೆಗಳಲ್ಲಿಯೂ ಇಂಥ ಸೂಕ್ಷ್ಮ ನಿರ್ಣಯವನ್ನು ನಾನು ಕೇಳಿಲ್ಲ.

ಆ ಗವಸು ನನಗೆ ಬಂದದ್ದು ಸಂಭಾವನೆಯಾಗಿ. ಪುರಾಣಪ್ರವಚನ ಮಾಡುವವನಿಗೆ ಶಾಲು, ಹಣ್ಣು, ತೆಂಗಿನಕಾಯಿ ಬರುತ್ತವೆ. ನನಗೆ ಒಂಬತ್ತು ಗೋಡೆಗಡಿಯಾರಗಳೂ ಬಂದಿವೆ. ಒಂದೊಂದೂ ಒಂದೊಂದು ಸಮಯ ತೋರಿಸುತ್ತ, ಕಾಲವು ಸಾಪೇಕ್ಷ ಎಂಬುದನ್ನು ನೆನಪಿಸುತ್ತವೆ. ಆದರೆ ಗವಸು ಪಡೆದ ಪ್ರವಚನಕಾರರು ನಮ್ಮ ಜಿಲ್ಲೆಯಲ್ಲಿ ಬೇರೆ ಇರಲಾರರು. ಏಕೆಂದರೆ ಮುಷ್ಟಿಯುದ್ಧದ ವಿಶ್ವವಿಜೇತನೊಬ್ಬನ ಜೀವನಚರಿತ್ರೆಯನ್ನು ಮೂರು ಸಂಜೆ, ಪೀಠದ ಮೇಲೆ ಕುಳಿತು, ಮುಂದೆ ದೀಪ ಹಚ್ಚಿಟ್ಟು ವ್ಯಾಖ್ಯಾನ ಮಾಡಿದವರೂ ಬೇರೆ ಇರಲಾರರು.

ಮುಷ್ಟಿಯ ವಿಷಯದಲ್ಲಿ ನನಗೆ ಅಧಿಕಾರವೇ ಇರಲಿಲ್ಲ ಎಂದು ತಾವು ಭಾವಿಸಬಾರದು. ಬಾಲ್ಯದಲ್ಲಿ ನಾನು ಓದಿದ್ದು ಉಡುಪಿಯ ಒಂದು ಪಾಠಶಾಲೆಯಲ್ಲಿ. ನಮ್ಮ ಗುರುಗಳು ಶ್ಲೋಕ ಕೇಳುವರು. ಎರಡನೆಯ ಪಾದದಲ್ಲಿ ತಡವರಿಸಿದರೆ ಬಲಗೈಯ ನಡುಬೆರಳ ಗೆಣ್ಣಿನಿಂದ ನೆತ್ತಿಯ ಮೇಲೆ ಒಂದು. ಕಣ್ಣು ತೆರೆಯುವುದರೊಳಗೆ ಅವರ ಕೈ ಮತ್ತೆ ಪಂಚೆಯ ಮೇಲೆ, ಏನೂ ಅರಿಯದಂತೆ. ಆ ವೇಗವನ್ನೂ ಆ ವೈರಾಗ್ಯವನ್ನೂ ಮುಂದೆ ನಾನು ಜಗತ್ತಿನ ಯಾವ ಮುಷ್ಟಿಯೋಧನಲ್ಲಿಯೂ ಕಾಣಲಿಲ್ಲ. ಇಂದಿಗೂ ನನಗೆ ಮೊದಲ ಪಾದಗಳು ಚೆನ್ನಾಗಿ ನೆನಪಿವೆ.

ಇನ್ನು ಕಥೆಗೆ ಬರುತ್ತೇನೆ. ಕಳೆದ ಶತಮಾನ ಮುಗಿಯಲು ಎರಡು ವರ್ಷವೋ ಮೂರು ವರ್ಷವೋ ಇದ್ದ ಕಾಲ. ಕಾರ್ಕಳದ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತನಾಗಿದ್ದು ನಿವೃತ್ತನಾಗಿದ್ದೆ. ಪ್ರತಿ ಶನಿವಾರ ಸಂಜೆ ಕುಕ್ಕುಂದೂರಿನ ನಮ್ಮ ಭಜನಾಮಂದಿರದಲ್ಲಿ ಪುರಾಣ ಹೇಳುತ್ತಿದ್ದೆ. ಮನೆಮನೆಗೆ ಟಿ.ವಿ. ಬಂದ ಮೇಲೆ ನನ್ನ ಶ್ರೋತೃಗಳ ಸಂಖ್ಯೆ ಏಳಕ್ಕೆ ಇಳಿದಿತ್ತು. ಆ ಏಳರಲ್ಲಿ ಒಬ್ಬರು ಮೈಕಿನವರು, ಒಬ್ಬರು ಫ್ಯಾನಿನ ಗಾಳಿಗಾಗಿ ಬರುವವರು. ನಿಜವಾಗಿ ಕೇಳುವವರು ರುಕ್ಮಿಣಿಯಮ್ಮ ಒಬ್ಬರೇ. ಆಕೆಗೆ ಆಗಲೇ ಎಂಬತ್ತು ದಾಟಿತ್ತು. ನಾನು ಕಥೆಯಲ್ಲಿ ಒಂದು ಕಡೆ ಎಡವಿದರೆ ಆಕೆ ಮೊದಲ ಸಾಲಿನಿಂದ ಒಮ್ಮೆ ಕೆಮ್ಮುವರು. ಗುರುಗಳ ಗೆಣ್ಣಿನ ಬಳಿಕ ನನ್ನನ್ನು ತಿದ್ದಿದ್ದು ಆ ಕೆಮ್ಮು.

ನಮ್ಮ ಶಾಲೆಯ ವ್ಯಾಯಾಮ ಶಿಕ್ಷಕರು ಲಾರೆನ್ಸ್ ಮಾಸ್ಟ್ರು, ಕಲ್ಯಾಣಪುರದವರು. ಮುಷ್ಟಿಯುದ್ಧ ಅವರಿಗೆ ಪ್ರಾಣ. ಎಂಟು ಮಂದಿ ಶಿಷ್ಯರಿಗೆ ಶಾಲೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಅದನ್ನು ಕಲಿಸುತ್ತಿದ್ದರು. ಆ ಜಾಗದಲ್ಲಿ ಹೊಸ ತರಗತಿಗಳು ಏಳತೊಡಗಿದಾಗ ಎಂಟು ಮಂದಿಯೂ ಹದಿನಾರು ಮುಷ್ಟಿಗಳೂ ಬೀದಿಗೆ ಬಂದವು. ಲಾರೆನ್ಸ್ ಮಾಸ್ಟ್ರು ಭಜನಾಮಂದಿರದ ಹಿಂದಿನ ಖಾಲಿ ಅಂಗಳವನ್ನು ಕೇಳಿಕೊಂಡು ಸಮಿತಿಯ ಅಧ್ಯಕ್ಷರಾದ ಸಂಜೀವ ಶೆಟ್ಟರ ಬಳಿಗೆ ಹೋದರು. ಶೆಟ್ಟರು ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಗಂಭೀರ ವ್ಯಕ್ತಿ. ಮನುಷ್ಯನನ್ನು ಮೊದಲು ನೋಡುವಾಗಲೇ, ಇವನು ಎಷ್ಟು ದೋಸೆ ತಿನ್ನುವವನು ಎಂದು ಅಳೆಯುವ ಕಣ್ಣು.

“ಹೊಡೆದಾಟ ಕಲಿಸಲಿಕ್ಕೆ ಮಂದಿರದ ಅಂಗಳ ಯಾಕೆ ಮಾಸ್ಟ್ರೇ? ಅದಕ್ಕೆ ಬಸ್‌ಸ್ಟ್ಯಾಂಡ್ ಉಂಟಲ್ಲ” ಎಂದರಂತೆ.

“ಹೊಡೆದಾಟ ಅಲ್ಲ ಶೆಟ್ರೇ. ಅದು ವಿದ್ಯೆ.”

“ವಿದ್ಯೆ ಅಂತ ನೀವು ಹೇಳಿದ್ರೆ ಆಗ್ಲಿಕ್ಕಿಲ್ಲ. ನಮ್ಮ ಪುರಾಣದ ಭಟ್ರು ಹೇಳಲಿ. ಅದರಲ್ಲಿ ದೊಡ್ಡವರು ಯಾರಾದ್ರೂ ಆಗಿಹೋಗಿದ್ರೆ ಅವರ ಕಥೆ ಮೂರು ದಿನ ಹೇಳಲಿ. ಕೇಳಿದವರಿಗೆ ಎಂತ ಫಲ ಅಂತಲೂ ಹೇಳಲಿ. ಆಮೇಲೆ ಅಂಗಳದ ವಿಷಯ ನೋಡುವ.”

ನಾನು ನಿರಾಕರಿಸಬಹುದಿತ್ತು. ಆದರೆ ಲಾರೆನ್ಸ್ ಮಾಸ್ಟ್ರ ಋಣ ನನ್ನ ಮೇಲಿತ್ತು. ಹಿಂದೊಮ್ಮೆ ಶಾಲೆಯ ಕ್ರೀಡೋತ್ಸವದಲ್ಲಿ, ಶಿಕ್ಷಕರ ನಿಂಬೆಹಣ್ಣು-ಚಮಚದ ಓಟದಲ್ಲಿ, ಪಂಚೆ ಕಾಲಿಗೆ ಸಿಕ್ಕಿ ನಾನು ಬಿದ್ದಾಗ, ಅವರು ನನ್ನನ್ನು ಹೆಗಲಿಗೆ ಹಾಕಿಕೊಂಡು ಇಡೀ ಮೈದಾನ ದಾಟಿ ಓಡಿದ್ದರು. ಅದೂ ಒಂದು ಸ್ಪರ್ಧೆಯೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ನಿಂಬೆಹಣ್ಣು ನನ್ನ ಮುಷ್ಟಿಯಲ್ಲೇ ಇತ್ತು. ಮುಷ್ಟಿಗೂ ನನಗೂ ಅಂದೇ ಸಂಬಂಧ ಏರ್ಪಟ್ಟಿತ್ತು ಎನ್ನಬಹುದು.

ಅಧ್ಯಯನಕ್ಕಾಗಿ ಕಲ್ಯಾಣಪುರಕ್ಕೆ ಹೋದೆ. ಮಾಸ್ಟ್ರ ತಮ್ಮ ದುಬಾಯಿಯಿಂದ ಕಳುಹಿಸಿದ್ದ ವಿಡಿಯೋ ಕ್ಯಾಸೆಟ್ಟುಗಳಿದ್ದವು. ಗೋಡೆಯ ಮೇಲೆ ಯೇಸುವಿನ ಪಟ, ಅದಕ್ಕಿಂತ ಎರಡು ಗೇಣು ಕೆಳಗೆ ಬರಿಮೈಯ ಒಬ್ಬ ಭೀಮಕಾಯ. ಮಾಸ್ಟ್ರ ತಾಯಿ, ಊರಿನವರೆಲ್ಲ ಬಾಯಿ ಎಂದು ಕರೆಯುವ ವೃದ್ಧೆ, ನನಗೆ ಬೊಂಡ ಕೆತ್ತಿ ಎಳನೀರು ಕೊಡುತ್ತ ದೂರಿಕೊಂಡರು: “ಎರಡು ಪಟವನ್ನೂ ಒಂದೇ ಸಾಲಿನಲ್ಲಿ ಹಾಕಿದ್ದ ಭಟ್ರೇ. ಕೆಳಗೆ ಇಳಿಸುವವರೆಗೆ ಗಂಜಿ ಇಲ್ಲ ಅಂದೆ.” ಆ ಭೀಮಕಾಯನೇ ನನ್ನ ಕಥಾನಾಯಕ. ಅವನ ಹೆಸರು ನನ್ನ ನಾಲಗೆಗೆ ಕೊನೆಯವರೆಗೂ ಹಿಡಿಯಲಿಲ್ಲ. ಸಭೆಯಲ್ಲಿ ನಾನು ಅವನನ್ನು ಮಹಾಮುಷ್ಟಿ ಎಂದೇ ಕರೆದೆ. ಇಲ್ಲಿಯೂ ಹಾಗೆಯೇ ಇರಲಿ.

ಕ್ಯಾಸೆಟ್ಟು ಓಡತೊಡಗಿತು. ಇಬ್ಬರ ನಡುವೆ ಬಿಳಿಯಂಗಿ ತೊಟ್ಟು ಓಡಾಡುತ್ತಿದ್ದವನನ್ನು ನಾನು ಪುರೋಹಿತನೆಂದು ತಿಳಿದೆ. ಇಬ್ಬರನ್ನೂ ಕರೆದು ಕೈ ಮುಟ್ಟಿಸುವುದು, ಬೇರ್ಪಡಿಸುವುದು, ಆಗಾಗ ಏನೋ ಪಠಿಸುವುದು, ಎಲ್ಲ ಹೊಂದುತ್ತಿತ್ತು. ಏಟು ಬಿದ್ದಾಗಲೆಲ್ಲ ನಾನು “ಕೃಷ್ಣ, ಕೃಷ್ಣ” ಎನ್ನುತ್ತಿದ್ದೆ. ಹಿಂದಿನಿಂದ ಬಾಯಿ “ಜೆಜು, ಜೆಜು” ಎನ್ನುತ್ತಿದ್ದರು. ಎರಡೂ ಕಡೆಯಿಂದ ಮೊರೆ ಹೋದರೂ ಏಟು ನಿಲ್ಲಲಿಲ್ಲ. ಲಾರೆನ್ಸ್ ಮಾಸ್ಟ್ರು ಮಾತ್ರ ಕಣ್ಣು ಒದ್ದೆ ಮಾಡಿಕೊಂಡು ಅವನ ಚರಿತ್ರೆ ಹೇಳಿದರು. ತಂದೆಯಿಲ್ಲದ ಮಗು. ಬಂದರಿನಲ್ಲಿ ಹೆಗಲ ಮೇಲೆ ಮಂಜುಗಡ್ಡೆ ಹೊತ್ತು ಬೆಳೆದದ್ದು. ಮುದುಕ ಗುರುವೊಬ್ಬನ ಕೈಗೆ ಸಿಕ್ಕಿದ್ದು. ಎಳೆಯ ವಯಸ್ಸಿನಲ್ಲೇ ಜಗತ್ತನ್ನು ಗೆದ್ದದ್ದು, ಹಲವು ವರ್ಷ ಆಳಿದ್ದು, ಒಂದು ದಿನ ಬಿದ್ದದ್ದು, ಜನ ಅಜ್ಜನೆಂದು ನಗುವ ಪ್ರಾಯದಲ್ಲಿ ಮತ್ತೆ ಗೆದ್ದದ್ದು. ಮತ್ತು ಕೊನೆಯ ಪಂದ್ಯದಲ್ಲಿ ಸೋತದ್ದು. ಅಲ್ಲಿಗೆ ಅವರು ನಿಲ್ಲಿಸಿದರು. ನಾನೂ ಬರೆದುಕೊಂಡು ಪುಸ್ತಕ ಮುಚ್ಚಿದೆ.

ಮೂರು ದಿನಗಳ ಹಂಚಿಕೆಯನ್ನು ಬಹಳ ಜಾಣತನದಿಂದ ಮಾಡಿದ್ದೆ. ಮೊದಲ ದಿನ ಜನನದಿಂದ ಪಟ್ಟದವರೆಗೆ. ಎರಡನೆಯ ದಿನ ಪತನ. ಮೂರನೆಯ ದಿನ ಪುನಃ ಪಟ್ಟ, ಅಲ್ಲಿಯೇ ಮಂಗಳ. ಕೊನೆಯ ಸೋಲನ್ನು ಹೇಳುವ ಅಗತ್ಯವೇ ಬೀಳದು. ಸುಳ್ಳೂ ಅಲ್ಲ, ಅಶುಭವೂ ಅಲ್ಲ.

ಮೊದಲ ಸಂಜೆ ಮಂದಿರಕ್ಕೆ ಹೋದರೆ ಕಾಲಿಡಲು ಜಾಗವಿಲ್ಲ. ಎಂಟು ಮಂದಿ ಶಿಷ್ಯರು, ಅವರ ತಾಯಂದಿರು, ಕಲ್ಯಾಣಪುರದಿಂದ ವ್ಯಾನು ಮಾಡಿಕೊಂಡು ಬಂದ ಬಾಯಿಯ ಬಳಗ, ಕಲ್ಲುಕೋರೆಯಿಂದ ಕೆಲಸ ಬಿಟ್ಟು ನೇರವಾಗಿ ಬಂದ ಬಾಗಲಕೋಟೆ ಕಡೆಯ ಕೆಲಸಗಾರರು. ಏಳು ಮಂದಿಗೆ ಪುರಾಣ ಹೇಳಿ ಒಣಗಿದ್ದ ನನ್ನ ಕಂಠ ತುಂಬಿ ಹರಿಯಿತು. ನಾಯಕನನ್ನು ಪಾದದಿಂದ ಶಿಖೆಯವರೆಗೆ ವರ್ಣಿಸಿದೆ. ಗವಸುಗಳನ್ನು ಕೆಂದಾವರೆಗಳೆಂದೆ. ಬಾಯೊಳಗೆ ಇಟ್ಟುಕೊಳ್ಳುವ ರಬ್ಬರಿನ ತುಂಡನ್ನು ದಂತಕವಚವೆಂದೆ. ರುಕ್ಮಿಣಿಯಮ್ಮ ಅವನು ಬೆಳಿಗ್ಗೆ ಏನು ತಿನ್ನುತ್ತಿದ್ದನೆಂದು ಕೇಳಿದರು. ಲಾರೆನ್ಸ್ ಮಾಸ್ಟ್ರು ನನ್ನ ಕಿವಿಯಲ್ಲಿ ಹನ್ನೆರಡು ಮೊಟ್ಟೆ ಎಂದರು. ನಾನು ಮೈಕಿನಲ್ಲಿ “ದ್ವಾದಶ ಶ್ವೇತಗೋಲಗಳು” ಎಂದೆ. ಆಕೆ ಅಕ್ಕಿಯ ಕಡುಬೆಂದು ಭಾವಿಸಿ ತೃಪ್ತರಾದರು.

ಎರಡನೆಯ ಸಂಜೆ, ಅಷ್ಟು ಜನರನ್ನು ಕಂಡು, ನನ್ನ ತಲೆ ತಿರುಗಿತು. ಟಿ.ವಿ. ಧಾರಾವಾಹಿಗಳನ್ನು ನಾನು ವೇದಿಕೆಯ ಮೇಲೆ ಎಷ್ಟು ಖಂಡಿಸಿದ್ದರೂ, ಮನೆಯಲ್ಲಿ ಹೆಂಡತಿಯ ಹಿಂದೆ ಕುಳಿತು ಅವುಗಳ ಒಂದು ಗುಟ್ಟನ್ನು ಕಲಿತಿದ್ದೆ: ನಾಳೆಯೂ ಜನ ಬರಬೇಕಾದರೆ ಇಂದು ಗಂಡಾಂತರದಲ್ಲಿ ನಿಲ್ಲಿಸಬೇಕು. ಮಹಾಮುಷ್ಟಿಯ ದವಡೆಗೆ ಎದುರಾಳಿ ತರುಣನೊಬ್ಬನ ಏಟು ಬಿತ್ತು. ಬೆಟ್ಟದಂಥ ದೇಹ ನೆಲಕ್ಕೆ ಉರುಳಿತು. ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋಲು ಎಂಬ ನಿಯಮವನ್ನು ವಿವರಿಸಿ, ಬಿಳಿಯಂಗಿಯವನ ಪರವಾಗಿ ನಾನೇ ಎಣಿಸತೊಡಗಿದೆ. ಏಕಂ, ದ್ವೇ, ತ್ರೀಣಿ. ಸಭೆಯೂ ದನಿಗೂಡಿಸಿತು. ಕಲ್ಲುಕೋರೆಯವರು ತಮ್ಮ ಕಡೆಯ ಕನ್ನಡದಲ್ಲಿ ಎಣಿಸಿದರು, ಬಾಯಿಯ ಬಳಗ ಕೊಂಕಣಿಯಲ್ಲಿ. ದಶ ಎಂದವನೇ ಪುಸ್ತಕ ಮುಚ್ಚಿ, “ಮುಂದೇನಾಯಿತು ಎಂಬುದು ನಾಳೆಗೆ” ಎಂದು ಕೈ ಜೋಡಿಸಿದೆ.

ಯಾರೂ ಏಳಲಿಲ್ಲ. ರುಕ್ಮಿಣಿಯಮ್ಮ ಕೆಮ್ಮಲೂ ಇಲ್ಲ, ಎದ್ದು ನಿಂತರು.

“ಕೂತ್ಕೊಳ್ಳಿ ಭಟ್ರೇ. ಬಿದ್ದವನನ್ನು ಎಬ್ಬಿಸದೆ ಪುಸ್ತಕ ಮುಚ್ಚುವುದುಂಟಾ?”

ಆಗ ನನಗೆ ನನ್ನ ತಪ್ಪು ಹೊಳೆಯಿತು. ನಮ್ಮಲ್ಲಿ ಪುರಾಣ ಓದುವ ಕ್ರಮವೊಂದಿದೆ. ನಾಯಕನಿಗೆ ಕಷ್ಟ ಬಂದ ಕಡೆ ಆ ದಿನದ ಓದನ್ನು ನಿಲ್ಲಿಸಬಾರದು. ಕಾಡಿಗೆ ಹೊರಟಿದ್ದರೆ ಆಶ್ರಮವೊಂದಕ್ಕೆ ಮುಟ್ಟಿಸಿ ನಿಲ್ಲಿಸಬೇಕು. ಮೂರ್ಛೆ ಹೋಗಿದ್ದರೆ ಎಚ್ಚರಿಸಿ ನಿಲ್ಲಿಸಬೇಕು. ಇಲ್ಲದಿದ್ದರೆ ಆ ಕಷ್ಟ ಕೇಳಿದವರ ಜೊತೆಗೆ ಮನೆಗೆ ಹೋಗುತ್ತದೆ ಎಂದು ನಂಬಿಕೆ. ನಲವತ್ತು ವರ್ಷ ನಾನು ಪಾಲಿಸಿಕೊಂಡು ಬಂದ ಕ್ರಮ ಅದು.

“ನಮ್ಮ ಅಜ್ಜಯ್ಯ ಒಮ್ಮೆ ಹೀಗೆ ನಿಲ್ಲಿಸಿ ಮನೆಗೆ ಬಂದದ್ದು. ಬಾವಿಯ ರಾಟೆ ಎರಡು ತುಂಡು” ಎಂದರು ರುಕ್ಮಿಣಿಯಮ್ಮ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ತಮ್ಮ ಮನೆಯಲ್ಲಿ ಎಮ್ಮೆ ಕರು ಹಾಕುವುದರಲ್ಲಿದೆ, ದಯವಿಟ್ಟು ಎಬ್ಬಿಸಿ ಎಂದು ಬೇಡಿಕೊಂಡಳು.

ಎಬ್ಬಿಸಿದೆ. ಬೇರೆ ಉಪಾಯವಿರಲಿಲ್ಲ. ಆದರೆ ಹತ್ತು ಎಣಿಸಿ ಆಗಿತ್ತಲ್ಲ! ಆ ದಿನ ಅವನು ಸೋತೇ ಸೋತಿದ್ದ. ಹಾಗಾಗಿ ಅವನು ಎದ್ದದ್ದು, ಮನೆಗೆ ಹೋದದ್ದು, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು, ಮತ್ತೆ ಬಂದು ಪಟ್ಟ ಗೆದ್ದದ್ದು, ಇಷ್ಟನ್ನೂ ಇಪ್ಪತ್ತು ನಿಮಿಷಗಳಲ್ಲಿ ಓಡಿಸಿಕೊಂಡು ಹೋಗಿ ಮಂಗಳ ಹಾಡಿದೆ. ಸಭೆ ಸಂತೋಷದಿಂದ ಎದ್ದಿತು. ಲಾರೆನ್ಸ್ ಮಾಸ್ಟ್ರು ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಮೂರನೆಯ ದಿನದ ಸರಕೆಲ್ಲ ಖರ್ಚಾಗಿ ಹೋಗಿತ್ತು. ಉಳಿದದ್ದು ಕೊನೆಯ ಸೋಲೊಂದೇ.

ಬಾಗಿಲಲ್ಲಿ ಶೆಟ್ಟರು ನಿಂತಿದ್ದರು. ನಾಳೆ ಏನು ಎಂದು ಕೇಳಿದರು. ಕೊನೆಯ ಪಂದ್ಯ ಎಂದೆ.

“ಗೆಲ್ತಾನಲ್ವಾ?”

ಪೀಠದಿಂದ ಇಳಿದ ಮೇಲೂ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಇಲ್ಲ ಎಂದೆ.

ಶೆಟ್ಟರು ಚಪ್ಪಲಿ ಹಾಕಿಕೊಳ್ಳುತ್ತ ನಿಧಾನವಾಗಿ ಹೇಳಿದರು: “ಕಥೆ ಚಂದ ಉಂಟು ಭಟ್ರೇ. ಆದರೆ ಸೋತು ಮುಗಿಯುವ ವಿದ್ಯೆಗೆ ದೇವರ ಅಂಗಳ ಕೊಟ್ಟರೆ ನಾಳೆ ಸಮಿತಿಯವರು ನನ್ನನ್ನು ಕೇಳ್ತಾರೆ. ಮಂಗಳ ಎಲ್ಲಿ ಉಂಟು ತೋರಿಸಿ.”

ಮರುದಿನ ಬೆಳಿಗ್ಗೆ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಲಾರೆನ್ಸ್ ಮಾಸ್ಟ್ರನ್ನು ಹಿಡಿದೆ. ಕೊನೆಯ ಪಂದ್ಯದ ಬಳಿಕ ಅವನು ಏನು ಮಾಡಿದ ಎಂದು ಕೇಳಿದೆ. ಅವರು ಉಡುಪಿಯ ಬಸ್ಸಿನ ಫಲಕವನ್ನು ಓದತೊಡಗಿದರು.

“ಅದು ಸಭೆಯಲ್ಲಿ ಹೇಳುವಂಥದ್ದಲ್ಲ ಭಟ್ರೇ. ಬಿಡಿ.”

“ಜೈಲಿಗೆ ಹೋದನೇ?”

“ಅಲ್ಲ.”

“ಕುಡಿತವೇ?”

“ಛೇ. ಹಾಗೆಲ್ಲ ಅಲ್ಲ.” ಮನೆತನದ ಕಳಂಕವನ್ನು ಒಪ್ಪಿಕೊಳ್ಳುವವರಂತೆ, ತಗ್ಗಿದ ದನಿಯಲ್ಲಿ ಹೇಳಿದರು: “ಹೋಟೆಲು ಇಟ್ಟ.”

ನಾನು ಒಂದು ಹೆಜ್ಜೆ ಹತ್ತಿರ ಸರಿದೆ.

“ಇಡೀ ಲೋಕ ಗೆದ್ದವ ಮಾರಾಯ್ರೆ. ಕಡೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತದ್ದು. ಜನ ಬಂದರೆ ಅವನೇ ಪ್ಲೇಟು ತಂದು ಇಡುವುದು. ನಾನು ಯಾರಿಗೂ ಹೇಳಿಲ್ಲ.”

ಅಷ್ಟು ಮಂದಿ ಪ್ರಯಾಣಿಕರ ಎದುರಿನಲ್ಲಿ, ಮಡಿಯುಟ್ಟು ಹೊರಟಿದ್ದ ನಾನು, ಲಾರೆನ್ಸ್ ಮಾಸ್ಟ್ರನ್ನು ಅಪ್ಪಿಕೊಂಡೆ. ನನ್ನ ಹಣೆಯ ಗಂಧ ಅವರ ಅಂಗಿಗೆ ಅಂಟಿತು. ಕಲ್ಯಾಣಪುರದಲ್ಲಿ ಬಾಯಿ ಅದನ್ನು ಮೂರು ಸಲ ಒಗೆದರೂ ಹೋಗಲಿಲ್ಲವಂತೆ.

ಮೂರನೆಯ ಸಂಜೆ ಸೋಲನ್ನು ನಾನು ಮುಚ್ಚಿಡಲಿಲ್ಲ. ಎರಡೇ ವಾಕ್ಯಗಳಲ್ಲಿ ಅವನನ್ನು ಗೌರವದಿಂದ ಸೋಲಿಸಿದೆ. ರುಕ್ಮಿಣಿಯಮ್ಮ ಎದ್ದು ನಿಲ್ಲುವುದಕ್ಕೆ ಮೊದಲೇ ಧ್ವನಿಯೇರಿಸಿ ಹೇಳಿದೆ: “ತದನಂತರ, ಮಹಾಮುಷ್ಟಿಯು ಗವಸುಗಳನ್ನು ಕಳಚಿಟ್ಟು, ಪಟ್ಟಣದ ಮುಖ್ಯಬೀದಿಯಲ್ಲಿ, ಒಂದು ಹೋಟೆಲನ್ನು ತೆರೆದನು.”

ಸಭೆಯಲ್ಲಿ ಒಂದು ನಿಟ್ಟುಸಿರು ಹರಿಯಿತು. ದೂರದೇಶದ ನೆಂಟನೊಬ್ಬ ಕೊನೆಗೂ ಒಂದು ದಾರಿಗೆ ಬಿದ್ದನೆಂದು ಕಾಗದ ಬಂದಾಗ ಮನೆಮಂದಿ ಬಿಡುವ ಉಸಿರು ಅದು. ಮೂರು ದಿನ ಗೋಡೆಗೆ ಒರಗಿ ಕುಳಿತಿದ್ದ ಶೆಟ್ಟರು ಮುಂದಕ್ಕೆ ಬಾಗಿದರು.

“ಸ್ವಂತ ಕಟ್ಟಡವಾ ಭಟ್ರೇ, ಬಾಡಿಗೆಯದ್ದಾ?”

ನನಗೆ ಗೊತ್ತಿರಲಿಲ್ಲ. ಲಾರೆನ್ಸ್ ಮಾಸ್ಟ್ರು ಅಂಜುತ್ತ ಬಾಡಿಗೆ ಎಂದರು.

“ಮೂಲೆಯ ಅಂಗಡಿಯಾ?”

ಮೂಲೆಯದ್ದೇ ಎಂದರು. ಶೆಟ್ಟರು ತಲೆದೂಗಿದರು. ಮೂರು ದಿನಗಳಲ್ಲಿ ಅವರು ಮೊದಲ ಬಾರಿಗೆ ನಾಯಕನ ಬುದ್ಧಿಯನ್ನು ಮೆಚ್ಚಿದ್ದು ಅಲ್ಲಿ. ಆ ದೇಶದಲ್ಲಿ ಮಾಂಸವೆಲ್ಲ ಇರುತ್ತದಲ್ಲ ಎಂದು ಯಾರೋ ಹಿಂದಿನಿಂದ ರಾಗ ಎಳೆದರು. ರುಕ್ಮಿಣಿಯಮ್ಮ ತಿರುಗಿ, “ಅಡಿಗೆಕೋಣೆ ಎರಡು ಇರ್ತದೆ” ಎಂದು ಆ ಚರ್ಚೆಯನ್ನು ಮುಗಿಸಿಬಿಟ್ಟರು. ಬಳಿಕ ಆಕೆಯೇ ನನ್ನನ್ನು ಕೇಳಿದರು:

“ಅದಿರಲಿ ಭಟ್ರೇ. ಕೊನೆಗೆ ಇವನನ್ನು ಸೋಲಿಸಿದನಲ್ಲ, ಆ ಹುಡುಗ ಹೋಟೆಲಿಗೆ ಬಂದ್ರೆ?”

ಇದು ನನ್ನ ಪುಸ್ತಕದಲ್ಲಿರಲಿಲ್ಲ. ಲಾರೆನ್ಸ್ ಮಾಸ್ಟ್ರು ಎದ್ದು ನಿಂತರು. “ಬಂದಿದ್ದ ಅಮ್ಮ. ಒಂದು ದಿನ ಬಂದು ಬಾಗಿಲ ಹತ್ತಿರವೇ ನಿಂತ, ಒಳಗೆ ಬರ್ಲಿಕ್ಕೆ ನಾಚಿಕೆ. ಇವನೇ ಹೋಗಿ ಕೈ ಹಿಡಿದು ಕರ್ಕೊಂಡು ಬಂದು ಕೂರಿಸಿದ. ಇವನೇ ತಂದು ಇಟ್ಟ. ತಿಂದು ಮುಗಿಯುವವರೆಗೆ ಎದುರು ನಿಂತಿದ್ದ.”

ನಾನು ಫಲಶ್ರುತಿಗೆ ಒಂದು ಪುಟ ಸಂಸ್ಕೃತ ಬರೆದು ತಂದಿದ್ದೆ, ಅದನ್ನು ಓದಲಿಲ್ಲ. ಈ ಚರಿತೆಯನ್ನು ಕೇಳಿದವರಿಗೆ ಬಿದ್ದಲ್ಲಿಂದ ಏಳುವ ಬಲವೂ, ಎದ್ದ ಮೇಲೆ ನಾಲ್ಕು ಮಂದಿಗೆ ಉಣಿಸುವ ಮನಸ್ಸೂ ಬರಲಿ ಎಂದಷ್ಟೇ ಹೇಳಿ ಮಂಗಳ ಹಾಡಿದೆ. ಬಾಯಿಯ ಬಳಗವೂ ಎದ್ದು ನಿಂತು ಕೊನೆಯಲ್ಲಿ ಆಮೆನ್ ಎಂದಿತು.

ಶೆಟ್ಟರು ಕಣ್ಣೊರೆಸಿಕೊಂಡು ಬಂದರು. “ಅಂಗಳ ತಕೊಳ್ಳಿ ಮಾಸ್ಟ್ರೇ. ಭಜನೆಯ ಹೊತ್ತಿಗೆ ಮಾತ್ರ ಗುದ್ದುವುದು ಬೇಡ” ಎಂದರು. ಮಾಸ್ಟ್ರು ತಮ್ಮಲ್ಲಿದ್ದ ಒಂದು ಗವಸನ್ನು ನನ್ನ ಕೈಗಿತ್ತು ನಮಸ್ಕರಿಸಿದರು. ಅದರ ಜೊತೆಯದನ್ನು ಬಾಯಿಯ ನಾಯಿ ಕಚ್ಚಿಕೊಂಡು ಹೋಗಿತ್ತಂತೆ. ಆ ವಾರವೇ ಎಮ್ಮೆ ಗಂಡುಕರು ಹಾಕಿತು. ಅದಕ್ಕೆ ಮಹಾಮುಷ್ಟಿಯ ಹೆಸರನ್ನೇ ಇಟ್ಟರು.

ಇದೆಲ್ಲ ಆಗಿ ಹತ್ತು ವರ್ಷ ಸಮೀಪಿಸಿತು. ಆ ಅಂಗಳದಲ್ಲಿ ಗುದ್ದು ತಿಂದವರಲ್ಲಿ ಯಾರೂ ಲೋಕ ಗೆಲ್ಲಲಿಲ್ಲ. ಜಿಲ್ಲೆಯನ್ನು ಗೆದ್ದವನು ಒಬ್ಬ. ಹೋಟೆಲು ಇಟ್ಟವರು ಇಬ್ಬರು. ಶೆಟ್ಟರು ಎರಡೂ ಕಡೆ ತಿಂಡಿ ತಿಂದು ಬಂದು, ವಿದ್ಯೆ ಕೈಹತ್ತಿದೆ ಎಂದು ಸಮಿತಿಗೆ ವರದಿ ಮಾಡಿದರು.

ಮೊನ್ನೆ ಲಾರೆನ್ಸ್ ಮಾಸ್ಟ್ರ ಜೊತೆ ಅವುಗಳಲ್ಲಿ ಒಂದಕ್ಕೆ, ಮಣಿಪಾಲದ ಹೋಟೆಲಿಗೆ ಹೋಗಿದ್ದೆ. ಗೋಡೆಯ ಮೇಲೆ ದೇವರ ಪಟ, ಅದಕ್ಕಿಂತ ಸರಿಯಾಗಿ ಎರಡು ಗೇಣು ಕೆಳಗೆ ಮಹಾಮುಷ್ಟಿ. ಯಜಮಾನನಾದ ಶಿಷ್ಯನ ಮೂಗು ಸ್ವಲ್ಪ ಓರೆ, ಇಡ್ಲಿ ದುಂಡಗಿತ್ತು. ಗುರುಗಳನ್ನು ಕಂಡವನೇ ಗಲ್ಲಾಪೆಟ್ಟಿಗೆ ಬಿಟ್ಟು ಬಂದು, ಎಡಗೈಯಲ್ಲಿ ಚಟ್ನಿಯ ಬಟ್ಟಲು, ಬಲಗೈಯಲ್ಲಿ ಸಾಂಬಾರಿನ ಸೌಟು ಹಿಡಿದು ತಾನೇ ಬಡಿಸತೊಡಗಿದ. ಗಡಿಬಿಡಿಯಲ್ಲಿ ಚಟ್ನಿಯ ಎಡಗೈ ಕೆಳಗಿಳಿಯುತ್ತಿತ್ತು. ಲಾರೆನ್ಸ್ ಮಾಸ್ಟ್ರು ಪಟವನ್ನು ಒಮ್ಮೆ ನೋಡಿದರು. ಬಳಿಕ ಅವನತ್ತ ತಿರುಗಿ, ಹಿಂದೆ ಅಂಗಳದಲ್ಲಿ ಮುಖ ಕಾಯುವುದನ್ನು ಕಲಿಸುತ್ತಿದ್ದ ಅದೇ ಧಾಟಿಯಲ್ಲಿ ಗದರಿಸಿದರು.

“ಎಡಗೈ ಮೇಲೆ ಇಟ್ಕೋ ಮಾರಾಯ. ಎಷ್ಟು ಸಲ ಹೇಳುವುದು?”